ಧ್ವನಿಯ ಲೆಕ್ಕ ತಪ್ಪಿದ್ದೆಲ್ಲಿ?

ತಾವರೆಯ ಎಸಳು ಎಣಿಸುವುದಕ್ಕೂ ನಾಚಿಕೆಗೂ ಯಾವ ನಿಘಂಟಿನಲ್ಲೂ ನಂಟಿಲ್ಲ. ‘ಕುಮಾರಸಂಭವ’ದ ಆರನೆಯ ಸರ್ಗದಲ್ಲಿ ಅಂಗಿರಸ ಮುನಿ ಶಿವನ ಪರವಾಗಿ ಹಿಮವಂತನ ಮುಂದೆ ಹೆಣ್ಣು ಕೇಳುತ್ತಾನೆ. ತಂದೆಯ ಪಕ್ಕದಲ್ಲಿದ್ದ ಪಾರ್ವತಿ ತಲೆ ತಗ್ಗಿಸಿ, ಕೈಯಲ್ಲಿದ್ದ ತಾವರೆಯ ಎಸಳುಗಳನ್ನು ಎಣಿಸುತ್ತಾಳೆ. ಅಷ್ಟೇ. ನಾಚಿದಳು ಎಂದು ಕಾಳಿದಾಸ ಹೇಳುವುದಿಲ್ಲ, ಒಳಗೊಳಗೇ ಹಿಗ್ಗಿದಳು ಎಂದೂ ಹೇಳುವುದಿಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ‘ಧ್ವನ್ಯಾಲೋಕ’ ಬರೆದ ಆನಂದವರ್ಧನ ಈ ಪದ್ಯವನ್ನು ಎತ್ತಿಕೊಂಡು ಮೆಚ್ಚಿದ್ದು ಈ ಸಂಯಮಕ್ಕಾಗಿಯೇ.

ಅವನಿಗಿಂತ ಮೊದಲಿನವರಿಗೆ ಪದದ ಎರಡು ಶಕ್ತಿಗಳು ಸಾಕಾಗಿದ್ದವು. ನೇರ ಅರ್ಥಕ್ಕೆ ಅಭಿಧೆ. ‘ಗಂಗೆಯಲ್ಲಿ ಹಳ್ಳಿಯಿದೆ’ ಎಂದಾಗ ನೀರಲ್ಲಿ ಊರಿರಲು ಸಾಧ್ಯವಿಲ್ಲವಾದ್ದರಿಂದ ದಡ ಎಂದು ತಿಳಿದುಕೊಳ್ಳುವುದು ಲಕ್ಷಣೆ. ಆನಂದವರ್ಧನ ಮೂರನೆಯದಾಗಿ, ಹೇಳದೆಯೇ ಸೂಚಿಸುವ ಶಕ್ತಿಯಾದ ವ್ಯಂಜನೆಯನ್ನು ಒಪ್ಪಿಸಲು ಹೆಣಗಿದ. ಹಾಗೆ ಸೂಚಿತವಾದ ಅರ್ಥವೇ ಮೇಲಾಗಿ ನಿಂತರೆ ಅದು ಧ್ವನಿ. ಅವನ ವಾದದಲ್ಲಿ ಇಂದಿಗೂ ಅಲುಗದ ಭಾಗ ಒಂದಿದೆ: ಭಾವ ತನ್ನ ಹೆಸರಿನಿಂದ ಹುಟ್ಟುವುದಿಲ್ಲ. ಪದ್ಯದಲ್ಲಿ ‘ಶೃಂಗಾರ’ ಎಂದು ಹತ್ತು ಸಲ ಬರೆದರೂ ಶೃಂಗಾರ ಬರುವುದಿಲ್ಲ.

ಅಲುಗುವ ಭಾಗವೂ ಇದೆ. ಅವನ ಇನ್ನೊಂದು ಉದಾಹರಣೆ ಪ್ರಾಕೃತದ ಒಂದು ಗಾಹೆ. ಗೋದಾವರಿ ದಡದ ಪೊದೆ ಒಬ್ಬಳು ತನ್ನ ನಲ್ಲನನ್ನು ಕದ್ದು ಕೂಡುವ ಸಂಕೇತಸ್ಥಾನ. ಅಲ್ಲಿ ಹೂ ಕೊಯ್ಯಲು ಬಂದು ಕಾಟ ಕೊಡುವ ಧಾರ್ಮಿಕನಿಗೆ ನಾಯಿಯ ಭಯ. ಅವಳು ಹೇಳುತ್ತಾಳೆ: ನಿಶ್ಚಿಂತೆಯಿಂದ ಓಡಾಡಿ, ಆ ನಾಯಿಯನ್ನು ಪೊದೆಯ ಸಿಂಹ ಕೊಂದಿತು. ಮಾತಿನಲ್ಲಿ ‘ಬಾ’, ಒಳಗೆ ‘ಬರಬೇಡ’. ಇದು ಧ್ವನಿಯಲ್ಲ, ಬರೀ ಅನುಮಾನ, ಅಂದರೆ ತರ್ಕದ ಊಹೆ ಎಂದು ‘ವ್ಯಕ್ತಿವಿವೇಕ’ದಲ್ಲಿ ಮಹಿಮಭಟ್ಟ ಹಟ ಹಿಡಿದ. ಪರಂಪರೆ ಅವನನ್ನು ಕುತರ್ಕಿ ಎಂದು ಬದಿಗೆ ಸರಿಸಿತು. ನನಗೇನೋ ಈ ಗಾಹೆಯ ಮಟ್ಟಿಗೆ ಅವನ ಮಾತೇ ಸರಿ ಅನ್ನಿಸುತ್ತದೆ. ನಾಯಿಗೆ ಹೆದರುವವನು ಸಿಂಹವಿರುವಲ್ಲಿಗೆ ಹೋದಾನೆಯೇ? ಒಗಟು ಬಿಡಿಸಿದ ಖುಷಿ ಸಿಕ್ಕಿತು, ಮುಗಿಯಿತು. ಪಾರ್ವತಿಯ ಎಸಳುಗಳು ಹಾಗೆ ಮುಗಿಯುವುದಿಲ್ಲ. ‘ನಾಚಿದ್ದಾಳೆ’ ಎಂದು ಗೊತ್ತಾದ ಮೇಲೂ ಆ ಪದ್ಯ ಮತ್ತೆ ಬೇಕು. ಇವೆರಡನ್ನೂ ಒಂದೇ ಹೆಸರಿನಡಿ ತಂದದ್ದು ಧ್ವನಿಪಂಥದ ಮೊದಲ ಎಡವಟ್ಟು. ಅಭಿನವಗುಪ್ತನಿಗೆ ಇದು ಹೊಳೆದಿತ್ತು. ಕಾವ್ಯದ ನಿಜವಾದ ಆತ್ಮ ರಸವೇ, ಉಳಿದ ಧ್ವನಿಗಳು ಅಲ್ಲಿಗೇ ಹೋಗಿ ಸೇರಬೇಕು ಎಂದು ‘ಧ್ವನ್ಯಾಲೋಕ’ದ ತನ್ನ ವ್ಯಾಖ್ಯಾನ ‘ಲೋಚನ’ದಲ್ಲಿ ತಿದ್ದಿದ.

ಆಮೇಲೆ ಬಂದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಧ್ವನಿಯ ಶುದ್ಧ ಭೇದಗಳನ್ನು 51 ಎಂದು ಎಣಿಸಿ, ಬೆರಕೆಗಳನ್ನೂ ಕೂಡಿಸಿ 10,455ಕ್ಕೆ ತಂದು ನಿಲ್ಲಿಸಿದ. ಹೇಳಲಾಗದ್ದಕ್ಕೆ ಇಷ್ಟು ಚೊಕ್ಕ ಲೆಕ್ಕ! ವ್ಯಂಗ್ಯವಿಲ್ಲದ, ಅಂದರೆ ಸೂಚಿತ ಅರ್ಥವಿಲ್ಲದ ಕಾವ್ಯಕ್ಕೆ ಅವನಲ್ಲಿ ಕಡೆಯ ಪಂಕ್ತಿ. ಆನಂದವರ್ಧನನಾದರೋ ಬೆಳಕು ಬೇಕಾದವನು ದೀಪವನ್ನು ಜೋಪಾನ ಮಾಡುವ ಹಾಗೆ ಕವಿ ನೇರ ಅರ್ಥವಾದ ವಾಚ್ಯಾರ್ಥವನ್ನು ನೋಡಿಕೊಳ್ಳಬೇಕು ಎಂದಿದ್ದ. ಆ ಜೋಪಾನ ಶಿಷ್ಯರಿಗೆ ಬರಲಿಲ್ಲ. ಒಗಟಿನಂಥ ಬೆಡಗಿನ ವಚನಗಳನ್ನು ಬಿಟ್ಟರೆ, ನಮ್ಮ ಎಷ್ಟೋ ವಚನಗಳು ಮುಚ್ಚುಮರೆಯಿಲ್ಲದೆ ಆಡಿಯೇ ಎದೆಗೆ ನಾಟುತ್ತವೆ. ಅವನ್ನು ಮಮ್ಮಟನ ಯಾವ ಪಂಕ್ತಿಯಲ್ಲಿ ಕೂರಿಸುವುದು?

ಕನ್ನಡದ ಮಟ್ಟಿಗೆ ಒಂದು ಕುತೂಹಲವಿದೆ. ಆನಂದವರ್ಧನನ ಹೆಚ್ಚುಕಡಿಮೆ ಸಮಕಾಲೀನವಾದ ‘ಕವಿರಾಜಮಾರ್ಗ’ ಧ್ವನಿಯನ್ನು ಹೆಸರಿಸುತ್ತದೆ, ಆದರೆ ಅಲಂಕಾರಗಳ ಸಾಲಿನಲ್ಲಿ. ಸಿದ್ಧಾಂತ ಹೊಸಗನ್ನಡದ ಓದುಗರ ಕೈಗೆ ತಿಳಿಯಾಗಿ ಸಿಕ್ಕಿದ್ದು ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದ. ಈಗ ಪುಸ್ತಕ ವಿಮರ್ಶೆಗಳಲ್ಲಿ ‘ಧ್ವನಿಪೂರ್ಣ’ ಎಂಬ ಮಾತು ಉಳಿದಿದೆ; ಕತೆ ಅರ್ಥವಾಗದಿದ್ದಾಗಲೂ ಬಳಸಬಹುದು.

ಪಂಥ ಕಾಣದೇ ಹೋದದ್ದು ಬೇರೊಂದು. ತವರು ಎಂದರೆ ಹೆಣ್ಣಿನ ಹುಟ್ಟಿದ ಮನೆ, ವಾಚ್ಯಾರ್ಥ ಅಷ್ಟೇ. ಅದೇ ಮನೆಯಲ್ಲಿ ಹುಟ್ಟಿದ ಅಣ್ಣನಿಗೆ ಅದು ಬರೀ ‘ನಮ್ಮನೆ’. ಗರತಿಯ ಹಾಡುಗಳಲ್ಲಿ ತವರು ಬಂದೊಡನೆ ಕೊರಳು ತುಂಬುವುದು ಆ ಹಾಡಿನ ಸಂದರ್ಭದಿಂದ ಮಾತ್ರವಲ್ಲ. ತಲೆಮಾರುಗಳ ಹೆಂಗಸರು ಆ ಪದದ ಮೇಲೆ ಹೊರಿಸಿದ್ದು ಹಾಡಿಗೆ ಮೊದಲೇ ಅಲ್ಲಿರುತ್ತದೆ. ಮಮ್ಮಟ ಹೇಳುವವರು, ಕೇಳುವವರು, ದೇಶ, ಕಾಲ ಎಂದೆಲ್ಲ ಪಟ್ಟಿ ಮಾಡಿದ, ನಿಜ. ಆದರೆ ಆ ಪಟ್ಟಿ ಒಂದು ಗಳಿಗೆಯ ಮಾತಿಗೆ ಸಂಬಂಧಿಸಿದ್ದು. ಬಳಕೆಯಲ್ಲಿ ಪದಕ್ಕೆ ಅಂಟಿ ಬಂದ ಭಾವಕ್ಕೆ ಅದರಲ್ಲಿ ಜಾಗವಿಲ್ಲ. ಅಭಿನವಗುಪ್ತನ ಸಹೃದಯನಾದರೂ ಕಾವ್ಯ ಓದಿ ಓದಿ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು. ಬೀಸುವ ಕಲ್ಲಿನ ಮುಂದೆ ಕೂತು ತವರಿನ ಹಾಡು ಹಾಡಿದವರು ಓದಿದವರೇ ಅಲ್ಲ.