ಮೇರಿ ಮ್ಯೂರ್ಡ್ರಾಕ್‌ಳ ಔಷಧಶಾಲೆ: ಒಂದು ಹಳೆಯ ಪುಸ್ತಕದ ವಿಮರ್ಶೆ

ಮಹಿಳಾ ವಿಜ್ಞಾನಿಗಳ ಪಟ್ಟಿ ಮಾಡುವಾಗ ನೀವು ಮೇರಿ ಕ್ಯೂರಿಯ ಹೆಸರನ್ನು ಮರೆಯುವುದಿಲ್ಲ. ಅದೇ ಫ್ರಾನ್ಸ್‌ನಲ್ಲಿ ಎರಡು ಶತಮಾನಗಳಿಗೂ ಹಿಂದೆ ಇನ್ನೊಬ್ಬ ಮೇರಿ ಇದ್ದಳು. ಮೇರಿ ಮ್ಯೂರ್ಡ್ರಾಕ್ 1666ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರನ್ನು 'ಮಹಿಳೆಯರಿಗಾಗಿ ಪರೋಪಕಾರಿ, ಸುಲಭ ರಸಾಯನವಿದ್ಯೆ' ಎಂದು ಕನ್ನಡಿಸಬಹುದು. ಈಕೆಯನ್ನು 'ಮೊದಲ ಮಹಿಳಾ ರಸಾಯನಶಾಸ್ತ್ರಜ್ಞೆ' ಎಂದು ಹೊಗಳುವವರಿದ್ದಾರೆ. ಹೊಗಳಿಕೆಗೆ ನನ್ನ ತಕರಾರಿಲ್ಲ, ಅದಕ್ಕೆ ಕೊಡುವ ಕಾರಣಕ್ಕಿದೆ.

ಪುಸ್ತಕದಲ್ಲಿ ಹೊಸ ಸಿದ್ಧಾಂತವನ್ನು ಹುಡುಕಿದರೆ ನಿಮಗೆ ನಿರಾಸೆಯಾಗುತ್ತದೆ. ಎಲ್ಲ ವಸ್ತುಗಳೂ ಉಪ್ಪು, ಗಂಧಕ, ಪಾದರಸ ಎಂಬ ಮೂರು ತತ್ತ್ವಗಳಿಂದಾದವು ಎಂಬ ಪ್ಯಾರಾಸೆಲ್ಸಸ್‌ನ ಮತವೇ ಇಲ್ಲಿಯೂ ಇದೆ. 1661ರಲ್ಲೇ ರಾಬರ್ಟ್ ಬಾಯ್ಲ್ ಅದನ್ನು ಪ್ರಶ್ನಿಸಿದ್ದ.

ಪುಸ್ತಕದ ಬೆಲೆ ಇರುವುದು ಬೇರೆ ಕಡೆ. ಆರು ಭಾಗಗಳ ಪೈಕಿ ಮೊದಲನೆಯದರಲ್ಲಿ ಪಾತ್ರೆ, ಕುಲುಮೆ, ಸಂದು ಮುಚ್ಚುವ ಮೆತ್ತು, ಬೆಂಕಿಯ ಹದ, ತೂಕ ಇವುಗಳ ವಿವರಣೆಯಿದೆ. ಜೊತೆಗೆ 106 ರಸವಿದ್ಯಾ ಸಂಕೇತಗಳ ಕೋಷ್ಟಕ. ಗುಟ್ಟು ಕಾಯುವುದಕ್ಕೂ ಬಳಕೆಯಾಗುತ್ತಿದ್ದ ಸಂಕೇತಗಳ ಬೀಗದ ಕೈಯನ್ನು ಹೀಗೆ ಓದುಗರ ಕೈಗಿಡುವುದು ಸಣ್ಣ ಕೆಲಸವೇ? ಮುಂದಿನ ಭಾಗಗಳಲ್ಲಿ ಸಸ್ಯ, ಪ್ರಾಣಿ, ಲೋಹಗಳಿಂದ ಔಷಧ ತಯಾರಿಕೆ. ಕೊನೆಯಲ್ಲಿ ಸೌಂದರ್ಯ ಸಾಧನಗಳು.

ಬೆಂಕಿಯ ಹದದ ಮಾತನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಫ್ಯಾರನ್‌ಹೀಟ್‌ನ ಪಾದರಸದ ಉಷ್ಣಮಾಪಕ ಬಂದದ್ದು 1714ರಲ್ಲಿ. ಅಲ್ಲಿಯವರೆಗೆ ಕಣ್ಣು, ಕೈಗಳೇ ಮಾಪಕ. ಮೂಲಿಕೆಯನ್ನು ನೀರಿನೊಂದಿಗೆ ಬಟ್ಟಿ ಇಳಿಸುವುದನ್ನೇ ನೋಡಿ. ರೋಸ್‌ಮರಿ ತೈಲದ ಮುಖ್ಯ ಘಟಕವಾದ ಸಿನಿಯೋಲ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೂ ನೀರಿನ ಜೊತೆಯಲ್ಲಿ ಅದು 100 ಡಿಗ್ರಿಗಿಂತ ಕೆಳಗೇ ಹೊರಬರುತ್ತದೆ, ಏಕೆಂದರೆ ಎರಡರ ಆವಿಯ ಒತ್ತಡಗಳು ಸೇರಿ ವಾಯುಮಂಡಲದ ಒತ್ತಡವನ್ನು ಮುಟ್ಟಿದರೆ ಸಾಕು. ಡಾಲ್ಟನ್‌ನ ನಿಯಮಕ್ಕಿಂತ ಬಹಳ ಮೊದಲೇ ಬಟ್ಟಿ ಇಳಿಸುವವರು ಇದನ್ನು ಬಳಸುತ್ತಿದ್ದರು.

ಮುನ್ನುಡಿಯನ್ನಂತೂ ನೀವು ಓದಲೇಬೇಕು. ಹೆಣ್ಣು ಕಲಿಸುವುದು ಸಲ್ಲದು, ಆಕೆ ಸುಮ್ಮನಿದ್ದು ಕೇಳಬೇಕು ಎಂಬ ಲೋಕಾಭಿಪ್ರಾಯಕ್ಕೆ ಅಂಜಿ ಹಸ್ತಪ್ರತಿಯನ್ನು ಸುಮಾರು ಎರಡು ವರ್ಷ ಹಾಗೆಯೇ ಇಟ್ಟುಕೊಂಡಿದ್ದೆನೆಂದು ಆಕೆ ಹೇಳುತ್ತಾಳೆ. ಬುದ್ಧಿಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ವಾದಿಸಿ ಕೊನೆಗೆ ಅಚ್ಚಿಗೆ ಕೊಡುತ್ತಾಳೆ. ಪ್ರಯೋಗ ಮಾಡಲು ಅಂಜುವ ಹೆಂಗಸರಿಗೆ ತಾನೇ ಕಲಿಸಿಕೊಡುವೆನೆನ್ನುತ್ತಾಳೆ.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾಗದು. ತನ್ನ ಔಷಧಗಳೆಲ್ಲ ಪರೀಕ್ಷಿತವೆನ್ನುತ್ತಾಳೆ. ಔಷಧ ಕೊಟ್ಟವರನ್ನು ಕೊಡದವರೊಡನೆ ಹೋಲಿಸದೆ ಅದು ಹೇಗೆ ಪರೀಕ್ಷೆಯಾದೀತು? ಇದು ಆಕೆಯೊಬ್ಬಳ ದೋಷವಲ್ಲ. ಸ್ಕರ್ವಿ ರೋಗಿಗಳನ್ನು ಗುಂಪುಗಳಾಗಿಸಿ ಜೇಮ್ಸ್ ಲಿಂಡ್ ಹೋಲಿಸಿ ನೋಡಿದ್ದು 1747ರಲ್ಲಿ. ಅಷ್ಟರೊಳಗೆ ಮ್ಯೂರ್ಡ್ರಾಕ್‌ಳ ಪುಸ್ತಕ ಹಲವು ಮುದ್ರಣಗಳನ್ನು ಕಂಡು, ಜರ್ಮನ್ ಮತ್ತು ಇಟಾಲಿಯನ್ ಭಾಷೆಗಳಿಗೂ ಹೋಗಿತ್ತು.