ಬೋರ್ಡಿಗೊಂದು ಹೆಸರು, ದಫ್ತರಕ್ಕೊಂದು

ಪಾಲುದಾರಿಕೆ ಫರ್ಮನ್ನು ನೋಂದಾಯಿಸಲೇಬೇಕೆಂದು 1932ರ ಭಾರತೀಯ ಪಾಲುದಾರಿಕೆ ಅಧಿನಿಯಮ ಎಲ್ಲೂ ಹೇಳುವುದಿಲ್ಲ. ನೋಂದಾಯಿಸದವರಿಗೆ ದಂಡವೂ ಇಲ್ಲ. ಆದರೆ ಉದ್ರಿ ಒಯ್ದ ಗಿರಾಕಿ ಕೈ ಎತ್ತಿದ ಮೇಲೆ ಬಾಕಿ ವಸೂಲಿಗೆಂದು ಕೋರ್ಟಿಗೆ ಹೋದರೆ 69ನೇ ಕಲಂ ಬಾಗಿಲಲ್ಲೇ ತಡೆಯುತ್ತದೆ: ಫರ್ಮ್ ನೋಂದಣಿಯಾಗಿರಬೇಕು, ದಾವೆ ಹೂಡುವವರ ಹೆಸರು ಪಾಲುದಾರರೆಂದು ರಿಜಿಸ್ಟರಿನಲ್ಲಿ ಇರಬೇಕು. ದಾವೆ ಹಾಕಿದ ಮೇಲೆ ಓಡಿಹೋಗಿ ನೋಂದಾಯಿಸಿದರೆ ಆ ದಾವೆ ಉಳಿಯುವುದಿಲ್ಲ. ಇಂಗ್ಲೆಂಡಿನ 1916ರ ವ್ಯಾಪಾರನಾಮ ನೋಂದಣಿ ಕಾಯ್ದೆಯಲ್ಲಿ ಕಡ್ಡಾಯವೂ ಇತ್ತು, ದಂಡವೂ ಇತ್ತು. ಇಲ್ಲಿ ಕರಡು ಬರೆದವರು ಅದನ್ನು ನೋಡಿಯೇ ಬೇಡವೆಂದರು. ಸಣ್ಣ, ಅಲ್ಪಾಯುಷಿ ವ್ಯವಹಾರಗಳಿಗೆ ಅದು ಅತಿಯಾದೀತು ಎಂಬುದು ಅವರ ಎಣಿಕೆ. ಅದು ಸರಿಯಾದ ತೀರ್ಮಾನವೇ. ಒಂದು ಹಂಗಾಮಿಗೆ ಮಾವಿನ ತೋಪು ಗುತ್ತಿಗೆ ಹಿಡಿದು, ಕಾಯಿ ಇಳಿಸಿ, ಲೆಕ್ಕ ಹರಿದುಕೊಳ್ಳುವ ಇಬ್ಬರನ್ನು ನೋಂದಣಿ ಕಚೇರಿಗೆ ಅಟ್ಟುವುದರಿಂದ ಯಾರಿಗೂ ಲಾಭವಿಲ್ಲ.

ಕಾಯ್ದೆ ಎಡವಿದ್ದು ಆಮೇಲೆ. ರಿಜಿಸ್ಟರಿಗೆ ಬರುವುದು ಬಿಡುವುದು ವ್ಯಾಪಾರಿಯ ಇಷ್ಟವಾಗಿರಲಿ. ಬಂದ ಮೇಲೆ ಬರೆಸಿದ್ದನ್ನು ನಿಜವಾಗಿ ಉಳಿಸಿಕೊಳ್ಳುವುದೂ ಇಷ್ಟದ ಮಾತಾದರೆ ಆ ರಿಜಿಸ್ಟರಿಗೆ ಏನು ಬೆಲೆ? ಹೆಸರು ಅಥವಾ ಮುಖ್ಯ ಸ್ಥಳ ಬದಲಾದರೆ 60ನೇ ಕಲಂ, ಶಾಖೆ ತೆರೆದರೆ ಮುಚ್ಚಿದರೆ 61, ಪಾಲುದಾರರ ಹೆಸರು ವಿಳಾಸ ಬದಲಾದರೆ 62, ಪಾಲುದಾರರೇ ಬದಲಾದರೆ ಅಥವಾ ಫರ್ಮ್ ವಿಸರ್ಜನೆಯಾದರೆ 63. ನಾಲ್ಕರಲ್ಲೂ ಇರುವ ಕ್ರಿಯಾಪದ ಒಂದೇ: ತಿಳಿಸ‘ಬಹುದು’. ಮೂವರು ಸೇರಿ ನಡೆಸುತ್ತಿದ್ದ ಒಂದು ಜವಳಿ ಅಂಗಡಿ ಇದೆಯೆಂದಿಟ್ಟುಕೊಳ್ಳಿ. ಹಿರಿಯ ಪಾಲುದಾರ ನಿವೃತ್ತನಾದ, ಅವನ ಜಾಗಕ್ಕೆ ಅಣ್ಣನ ಮಗ ಬಂದ. ಹೊಸ ಪಾಲುದಾರಿಕೆ ಪತ್ರ ಸ್ಟಾಂಪ್ ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟಾಯಿತು, ನೋಂದಣಾಧಿಕಾರಿಗೆ ಯಾರೂ ಹೇಳಲಿಲ್ಲ. ನಾಳೆ ಬಾಕಿದಾರನ ಮೇಲೆ ದಾವೆ ಹಾಕಿದರೆ ಎದುರಾಳಿ ವಕೀಲರು ಮೊದಲು ಕೇಳುವುದು ಈ ಹುಡುಗನ ಹೆಸರು ರಿಜಿಸ್ಟರಿನಲ್ಲಿ ಎಲ್ಲಿದೆ ಎಂದೇ. ಅತ್ತ ಮನೆಯಲ್ಲಿ ಕೂತ ಹಿರಿಯನೂ ನಿಶ್ಚಿಂತನಲ್ಲ. ಸಾರ್ವಜನಿಕ ಪ್ರಕಟಣೆ ಆಗುವವರೆಗೆ ಹೊರಗಿನವರ ಮಟ್ಟಿಗೆ ಹೊಣೆ ತಪ್ಪದು ಎನ್ನುತ್ತದೆ 32ನೇ ಕಲಂ. ನೋಂದಾಯಿತ ಫರ್ಮಿನಲ್ಲಿ ಆ ಪ್ರಕಟಣೆಯೆಂದರೆ ನೋಂದಣಾಧಿಕಾರಿಗೆ ತಿಳಿವಳಿಕೆ, ರಾಜ್ಯಪತ್ರ, ಜೊತೆಗೆ ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷಾ ಪತ್ರಿಕೆ. ಇನ್ನು ಸಹಿ ಹಾಕಿ ಬರೆಸಿದ ವಿವರ ಸಹಿ ಹಾಕಿದವನ ವಿರುದ್ಧ ಅಂತಿಮ ಸಾಕ್ಷ್ಯ ಎಂದು 68ನೇ ಕಲಂ ಬೇರೆ ಹೇಳಿಬಿಟ್ಟಿದೆ. ಹಳೆಯ ಬರಹಕ್ಕೆ ಇಷ್ಟು ಬಲ ಕೊಟ್ಟ ಕಾಯ್ದೆ ಅದನ್ನು ತಿದ್ದುವ ಕೆಲಸವನ್ನು ಮಾತ್ರ ಮರೆವಿನ ಪಾಲಿಗೆ ಬಿಟ್ಟಿತು.

ಹೆಸರಿನ ವಿಚಾರದಲ್ಲಿ ಗೊಂದಲ ಇನ್ನೂ ಹೆಚ್ಚು. ನೋಂದಣಿಯಾದರೆ ಹೆಸರು ತಮ್ಮದಾಯಿತೆಂದು ನಂಬುವ ವ್ಯಾಪಾರಿಗಳು ಕಡಿಮೆಯಿಲ್ಲ. ಕಂಪನಿ ಕಾಯ್ದೆ ಈಗಾಗಲೇ ಇರುವ ಕಂಪನಿಯ ಹೆಸರನ್ನೇ ಇನ್ನೊಂದಕ್ಕೆ ಕೊಡಗೊಡುವುದಿಲ್ಲ. ಪಾಲುದಾರಿಕೆ ಅಧಿನಿಯಮದಲ್ಲಿ ಅಂಥ ತಡೆ ಇಲ್ಲ. ಅದು ಬೇಡವೆನ್ನುವುದು ಬೇರೆಯದನ್ನು: ಚಕ್ರವರ್ತಿ, ರಾಜ, ರಾಣಿ ಎಂಬರ್ಥದ ಇಂಗ್ಲಿಷ್ ಪದಗಳು, ‘ರಾಯಲ್’ ಕೂಡ, ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಫರ್ಮಿನ ಹೆಸರಿನಲ್ಲಿ ಬರಕೂಡದು. ದೊರೆಗಳು ಹೋಗಿ ಎಷ್ಟೋ ಕಾಲವಾಯಿತು, ಅವರ ಮರ್ಯಾದೆ ಕಾಯುವ ಸಾಲು ಕಾಯ್ದೆಯಲ್ಲಿ ಉಳಿದಿದೆ! ಹೆಸರಿನ ನಿಜವಾದ ರಕ್ಷಣೆ ಇರುವುದು ಟ್ರೇಡ್‌ಮಾರ್ಕ್ ಕಾನೂನಿನಲ್ಲಿ. ಹಲ್ದಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ, ಅಂಥ ಹಕ್ಕಿಗಾಗಿ ಹೂಡುವ ದಾವೆಗೆ 69ನೇ ಕಲಂ ಅಡ್ಡಿಯಲ್ಲ ಎಂದಿತು. ನಮ್ಮಲ್ಲಿ ಕನ್ನಡ ಭಾಷೆಯ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾದಂದಿನಿಂದ ನಾಮಫಲಕದಲ್ಲಿ ಕನ್ನಡ ಶೇ 60ರಷ್ಟು ಇರಬೇಕು. ಇರಲಿ, ಬೇಕಾದದ್ದೇ. ಆದರೆ ಅಕ್ಷರದ ಅಳತೆ ನೋಡುವ ಕಣ್ಣು, ಫಲಕದ ಹೆಸರೂ ದಫ್ತರದ ಹೆಸರೂ ಒಂದೇಯೇ ಎಂದು ನೋಡುವುದಿಲ್ಲ.

ನೋಂದಾಯಿತ ಫರ್ಮು ಬದಲಾವಣೆಯನ್ನು ತಿಳಿಸಲೇಬೇಕು ಎಂದು ಮಾಡಿ ಎಂದರೆ ಬರುವ ಮೊದಲ ಆಕ್ಷೇಪ ಹೊರೆಯದು. ಟ್ರೇಡ್ ಲೈಸೆನ್ಸ್, ಜಿಎಸ್‌ಟಿ, ಅಂಗಡಿ ನೋಂದಣಿಗಳ ನಡುವೆ ಇನ್ನೊಂದು ಕಡ್ಡಾಯವೆಂದರೆ ಇನ್ನೊಬ್ಬ ಏಜೆಂಟನ ಫೀಸು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಜಿಎಸ್‌ಟಿ ಪಡೆದ ಫರ್ಮಿನಲ್ಲಿ ಪಾಲುದಾರ ಬದಲಾದರೆ 15 ದಿನದೊಳಗೆ ತಿಳಿಸಬೇಕೆಂಬ ನಿಯಮ ಈಗಲೇ ಇದೆ. ಸುದ್ದಿ ಸರ್ಕಾರದ ಒಂದು ಕಚೇರಿಗೆ ತಲುಪಿರುತ್ತದೆ. ಅದನ್ನು ಮತ್ತೊಂದಕ್ಕೆ ಮುಟ್ಟಿಸುವುದು ಸರ್ಕಾರದ ಕೆಲಸವೇ ಹೊರತು ವ್ಯಾಪಾರಿಯದಲ್ಲ. ಬಿಗಿ ಮಾಡಬೇಕೆನ್ನುವವರ ವಾದ ಇದಕ್ಕೆ ತದ್ವಿರುದ್ಧ. ಮಹಾರಾಷ್ಟ್ರ 1984ರಲ್ಲಿ ಆ ದಾರಿ ಹಿಡಿದು, ನೋಂದಣಿಯಿಲ್ಲದ ಫರ್ಮಿನ ಪಾಲುದಾರ ವಿಸರ್ಜನೆಗೂ ಲೆಕ್ಕಕ್ಕೂ ದಾವೆ ಹೂಡದಂತೆ ಕಟ್ಟಿಹಾಕಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು. ನೋಂದಾಯಿಸದವನನ್ನು ಹಿಂಡಿದ್ದರಿಂದ ನೋಂದಾಯಿಸಿದವನ ಹಳಸಿದ ವಿವರ ಹೊಸದಾಗುವುದಿಲ್ಲ. ಚಿಲ್ಲರೆ ವ್ಯಾಪಾರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆಯಲ್ಲ ಎನ್ನುವವರೂ ಉಂಟು. ಇದೆ: ಸಣ್ಣ ಮೊತ್ತದ ಕೆಲವು ಬಗೆಯ ದಾವೆಗಳಿಗೆ 69ನೇ ಕಲಂ ತಟ್ಟುವುದಿಲ್ಲ. ಕೇಂದ್ರ ಕಾಯ್ದೆ 1932ರಲ್ಲಿ ಆ ಮೊತ್ತದ ಮಿತಿಯನ್ನು 100 ರೂಪಾಯಿ ಎಂದು ಬರೆಯಿತು. ಈಗಲೂ ಅಲ್ಲಿರುವುದು ಅದೇ 100. ಒಂದು ಸೀರೆಯ ಬಾಕಿಯೂ ಅದರೊಳಗೆ ಹಿಡಿಯುವುದಿಲ್ಲ.