ಕೋಣೆಯ ಅಭ್ಯಾಸ, ಅಂಕಣದ ಪರೀಕ್ಷೆ

ಮೊಣಕಾಲಿನ ಎಸಿಎಲ್ ಹರಿದುಕೊಂಡ ಆಟಗಾರನಿಗೆ ಮಂಗಳೂರಿನಲ್ಲಿ ಆಪರೇಷನ್ ಸಿಗುವುದು ಕಷ್ಟವಲ್ಲ. ಕಾಸರಗೋಡು, ಕೊಡಗು, ಚಿಕ್ಕಮಗಳೂರು ಕಡೆಯವರೂ ಚಿಕಿತ್ಸೆಗೆ ನಂಬಿ ಬರುವ ಊರು ಇದು. ಫಿಸಿಯೋಥೆರಪಿ ಕಲಿಸುವ ಕಾಲೇಜುಗಳಿಗೂ ಇಲ್ಲಿ ಬರವಿಲ್ಲ: ಫಾದರ್ ಮುಲ್ಲರ್, ಕೆಎಂಸಿ, ನಿಟ್ಟೆ, ಯೆನೆಪೋಯ, ಡಾ. ಎಂ.ವಿ. ಶೆಟ್ಟಿ ಹೀಗೆ ಒಂದರ ಹಿಂದೆ ಒಂದು ಹೆಸರು ಹೇಳಬಹುದು. ಇಷ್ಟಿದ್ದೂ, ಆಟಗಾರ ಮರಳಿ ಅಂಕಣಕ್ಕೆ ಇಳಿಯಬಹುದೇ ಎಂಬ ಪ್ರಶ್ನೆ ಬಂದಾಗ ಉತ್ತರ ಹೇಳುವುದು ಹೆಚ್ಚಾಗಿ ಕ್ಯಾಲೆಂಡರೇ. ಆರು ತಿಂಗಳಾಯಿತು, ನೋವಿಲ್ಲ, ಊತವಿಲ್ಲ, ಓಡಲು ಬರುತ್ತದೆ, ಇನ್ನೇನು ಬೇಕು? ಬೇಕಾದದ್ದು ಬಹಳವಿದೆ. ಆ ಕೊರತೆಯನ್ನು ತುಂಬಲೆಂದೇ ನರ-ಸ್ನಾಯು ತರಬೇತಿ ಎಂಬ ಪದ್ಧತಿ ರೂಪುಗೊಂಡಿತು. ಇದರ ತತ್ವ ಗಟ್ಟಿಯಾಗಿದೆ, ಆಧಾರಗಳೂ ತಕ್ಕಮಟ್ಟಿಗೆ ಇವೆ. ಆದರೆ ಈ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವ ಅಭ್ಯಾಸ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ ಎಂಬುದು ನನ್ನ ತಕರಾರು. ಆಟಗಾರ ಗಮನವಿಟ್ಟು ನೋಡಿಕೊಳ್ಳುತ್ತಿರುವ ಮೊಣಕಾಲಿಗೆ ಅದು ತರಬೇತಿ ಕೊಡುತ್ತದೆ. ಆಟಕ್ಕೆ ಬೇಕಾದದ್ದು, ಗಮನ ಬೇರೆಲ್ಲೋ ಇರುವಾಗಲೂ ಸರಿಯಾಗಿ ನಡೆದುಕೊಳ್ಳುವ ಮೊಣಕಾಲು.

ಎಸಿಎಲ್ ಎಂದರೆ ತೊಡೆಯೆಲುಬನ್ನೂ ಕಣಕಾಲಿನ ಎಲುಬನ್ನೂ ಕೀಲಿನೊಳಗೆ ಓರೆಯಾಗಿ ಬಿಗಿದಿಡುವ ಲಿಗಮೆಂಟ್. ಅದರ ಕೆಲಸ ಬಿಗಿಯುವುದಷ್ಟೇ ಅಲ್ಲ. ಕೀಲು ಯಾವ ಕೋನದಲ್ಲಿದೆ, ಯಾವ ಕಡೆಗೆ ಜಾರುತ್ತಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರತುದಿಗಳೂ ಅದರಲ್ಲಿವೆ. ಲಿಗಮೆಂಟ್ ಹರಿದಾಗ ಆ ಸುದ್ದಿಯ ಒಂದು ಪಾಲು ನಿಂತುಹೋಗುತ್ತದೆ. ಶಸ್ತ್ರವೈದ್ಯರು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದ ಸ್ನಾಯುರಜ್ಜುವನ್ನು ಅಲ್ಲಿ ಕಸಿ ಮಾಡಿದಾಗ ಬಿಗಿತ ಮರಳುತ್ತದೆ, ಸುದ್ದಿ ಹಾಗೆ ಮರಳುವುದಿಲ್ಲ. ಇದರ ಜೊತೆಗೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ತಾನಾಗಿ ಮುದುಡಿಕೊಳ್ಳುತ್ತದೆ. ಊದಿದ, ನೊಂದ ಕೀಲಿನಿಂದ ಬರುವ ಸಂಕೇತಗಳು ಅದನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ. ಇನ್ನು ಎಸಿಎಲ್ ಹರಿಯುವ ವೇಗ ನೋಡಿ: ವಿಡಿಯೋ ವಿಶ್ಲೇಷಣೆಗಳ ಪ್ರಕಾರ ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಕಾಲು ವಾಲಿತು ಎಂದು ತಿಳಿದು, ಮಿದುಳು ಯೋಚಿಸಿ, ಸ್ನಾಯು ಬಿಗಿದು ಕೀಲನ್ನು ಉಳಿಸಲು ಅಷ್ಟು ಹೊತ್ತು ಸಾಲದು. ಪಾದ ಊರುವ ಮೊದಲೇ ಸ್ನಾಯುಗಳು ಸಜ್ಜಾಗಿರಬೇಕು. ಬಲ ಎಷ್ಟಿದೆ ಎಂಬುದರಷ್ಟೇ ಆ ಬಲ ಯಾವ ಕ್ಷಣಕ್ಕೆ ಒದಗುತ್ತದೆ ಎಂಬುದೂ ಮುಖ್ಯ. ನರ-ಸ್ನಾಯು ತರಬೇತಿಯ ಇಡೀ ವಾದ ನಿಂತಿರುವುದು ಇದರ ಮೇಲೆ, ಅದರಲ್ಲಿ ಹುರುಳಿದೆ.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಇಡುವವರು ಕಡಿಮೆ. ಎಸಿಎಲ್ ಕಸಿಯಾದವರ ಮಿದುಳಿನ ಚಿತ್ರಣ ತೆಗೆದ ಅಧ್ಯಯನಗಳಲ್ಲಿ ಕುತೂಹಲದ ಸಂಗತಿಯೊಂದು ಕಂಡಿದೆ. ಇವರು ಮೊಣಕಾಲನ್ನು ಸುಮ್ಮನೆ ಮಡಚಿ ಬಿಡಿಸುವಾಗಲೂ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಉಳಿದವರಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಕೀಲಿನಿಂದ ಬರಬೇಕಾದ ಸುದ್ದಿ ಕಡಿಮೆಯಾದಾಗ ಮಿದುಳು ಕಣ್ಣನ್ನು ನೆಚ್ಚಿಕೊಳ್ಳುತ್ತದೆ ಎಂದು ಇದನ್ನು ಅರ್ಥೈಸುತ್ತಾರೆ. ಆಸ್ಪತ್ರೆಯ ಕೋಣೆಯಲ್ಲಿ ಇದರಿಂದ ತೊಂದರೆಯಿಲ್ಲ. ಎದುರಿಗೆ ಕನ್ನಡಿಯಿದೆ, ಕಾಲಡಿಯಲ್ಲಿ ಓಲಾಡುವ ಹಲಗೆಯಿದೆ, ಪಕ್ಕದಲ್ಲಿ ಎಣಿಕೆ ಹೇಳುವ ಫಿಸಿಯೋ ಇದ್ದಾರೆ. ಆಟಗಾರ ತನ್ನ ಮೊಣಕಾಲನ್ನೇ ನೋಡುತ್ತ ಅರ್ಧ ನಿಮಿಷ ಅಲುಗದೆ ನಿಲ್ಲುತ್ತಾನೆ. ಅದೇ ಆಟಗಾರ ಕಬಡ್ಡಿಯಲ್ಲಿ ರೈಡರ್ ಆಗಿ ಮಧ್ಯರೇಖೆ ದಾಟಿದರೆ ಅವನಿಗಿರುವುದು 30 ಸೆಕೆಂಡು, ಎದುರಿಗೆ ಏಳು ಜನ. ಬಾಯಲ್ಲಿ ಕಬಡ್ಡಿ ಕಬಡ್ಡಿ, ಒಂದು ಕಣ್ಣು ಬೋನಸ್ ಗೆರೆಯ ಮೇಲೆ, ಇನ್ನೊಂದು ಮೂಲೆಯಲ್ಲಿ ಕಾಲಿಗೆ ಕೈಹಾಕಲು ಹೊಂಚುತ್ತಿರುವವನ ಮೇಲೆ. ಒಂದೇ ಪಾದದ ಮೇಲೆ ತಿರುಗಿ ಹಿಂದಕ್ಕೆ ಜಿಗಿಯುವಾಗ ಮೊಣಕಾಲನ್ನು ನೋಡಿಕೊಳ್ಳಲು ಅವನ ಬಳಿ ಕಣ್ಣೂ ಇಲ್ಲ, ಮನಸ್ಸೂ ಇಲ್ಲ. ಹಲಗೆಯ ಮೇಲೆ ಗಳಿಸಿದ ಸಮತೋಲನ ಇಲ್ಲಿಗೆ ತಾನಾಗಿ ವರ್ಗವಾಗುತ್ತದೆ ಎಂಬುದಕ್ಕೆ ಖಾತರಿಯೇನೂ ಇಲ್ಲ.

ಅಂಕಿಗಳು ಈ ಆತಂಕವನ್ನು ಹೆಚ್ಚಿಸುತ್ತವೆ. ಏಳೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2014ರ ಒಂದು ವಿಶ್ಲೇಷಣೆಯಲ್ಲಿ, ಎಸಿಎಲ್ ಆಪರೇಷನ್ ಆದವರಲ್ಲಿ ಶೇ. 81 ಮಂದಿ ಯಾವುದೋ ಒಂದು ಆಟಕ್ಕೆ ಮರಳಿದ್ದರು. ಸ್ಪರ್ಧೆಯ ಮಟ್ಟಕ್ಕೆ ಮರಳಿದವರು ಶೇ. 55 ಮಾತ್ರ. ಮರಳಿದ ಎಳೆಯರ ಪಾಡು ಇನ್ನೂ ಕಳವಳದ್ದು. 25 ವರ್ಷದೊಳಗಿನವರು ಆಟಕ್ಕೆ ಮರಳಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ, ಅದೇ ಕಾಲಿನಲ್ಲೋ ಇನ್ನೊಂದರಲ್ಲೋ, ಎಸಿಎಲ್ ಮತ್ತೆ ಹರಿಯುತ್ತದೆ. ಡೆಲವೇರ್ ಮತ್ತು ಓಸ್ಲೋ ತಂಡಗಳು 106 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿ ಹೇಳುವಂಥದ್ದು. ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯಿತು. ಬಲ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗಿ ಮರಳಿದವರಲ್ಲಿ ಮರುಗಾಯ ಶೇ. 5.6, ಪಾಸಾಗದೆ ಮರಳಿದವರಲ್ಲಿ ಶೇ. 38.2. ಪಾಸಾದವರ ಗುಂಪು ಚಿಕ್ಕದು ಎಂಬುದನ್ನು ಮರೆಯಬಾರದು. ಆದರೆ ಕತಾರ್‌ನ ಆಸ್ಪೆಟಾರ್ ಆಸ್ಪತ್ರೆಯಲ್ಲಿ 158 ವೃತ್ತಿಪರ ಆಟಗಾರರ ಮೇಲೆ ಅದೇ ವರ್ಷ ಬಂದ ಅಧ್ಯಯನವೂ ಅದೇ ದಿಕ್ಕಿನದು. ನಿಗದಿತ ಆರು ಮಾನದಂಡಗಳನ್ನು ಪೂರೈಸದೆ ಮರಳಿದವರಲ್ಲಿ ಕಸಿ ಹರಿಯುವ ಅಪಾಯ ನಾಲ್ಕು ಪಟ್ಟು. ಹಾಗಾಗಿ ಒಂಬತ್ತು ತಿಂಗಳು ಎಂಬುದು ಕನಿಷ್ಠ ಗಡಿ, ಪ್ರಮಾಣಪತ್ರವಲ್ಲ. ಆ ತಿಂಗಳುಗಳಲ್ಲಿ ಕಾಲು ಏನು ಕಲಿತಿದೆ ಎಂಬುದನ್ನು ಅಳೆಯದೆ ತಿಂಗಳು ಎಣಿಸಿ ಪ್ರಯೋಜನವಿಲ್ಲ.

ಇಲ್ಲಿ ಪದ್ಧತಿಯ ಪರ ನಿಂತವರು ಮುಜುಗರಪಡಬೇಕಾದ ಒಂದು ಪ್ರಯೋಗವಿದೆ. ನಾರ್ವೆಯಲ್ಲಿ 74 ಮಂದಿಯನ್ನು ಎರಡು ಗುಂಪು ಮಾಡಿ, ಆಪರೇಷನ್ ನಂತರದ ಆರು ತಿಂಗಳು ಒಂದು ಗುಂಪಿಗೆ ನರ-ಸ್ನಾಯು ತರಬೇತಿ, ಇನ್ನೊಂದಕ್ಕೆ ಬರೀ ಬಲವರ್ಧನೆಯ ವ್ಯಾಯಾಮ ಕೊಟ್ಟು ಹೋಲಿಸಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ ಗುಂಪಿನವರು ಮೊಣಕಾಲಿನ ಒಟ್ಟು ಕಾರ್ಯಕ್ಷಮತೆಯಲ್ಲಿ ಮುಂದಿದ್ದರು, ನಿಜ. ಆದರೆ ಜಿಗಿತ, ಬಲ, ಕೊನೆಗೆ ಸಮತೋಲನದ ಅಳತೆಯಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ನಂತರ ನೋಡಿದಾಗ ಹ್ಯಾಮ್‌ಸ್ಟ್ರಿಂಗ್ ಬಲದಲ್ಲಿ ಬಲವರ್ಧನೆಯ ಗುಂಪೇ ಮೇಲು. ಸಮತೋಲನಕ್ಕೆಂದೇ ಹೊರಟ ತರಬೇತಿ ಸಮತೋಲನದಲ್ಲೇ ಮುನ್ನಡೆ ಸಾಧಿಸದಿದ್ದರೆ ಅದನ್ನೇಕೆ ಹೊಗಳಬೇಕು ಎಂದು ಕೇಳುವವರನ್ನು ತಳ್ಳಿಹಾಕುವಂತಿಲ್ಲ. ಈ ಪ್ರಯೋಗದಿಂದ ಎರಡು ಮಾತು ಹೊರಡುತ್ತವೆ. ತೂಕ ಎತ್ತುವುದನ್ನು ಬಿಟ್ಟು ಹಲಗೆಯ ಮೇಲೆ ಓಲಾಡುವುದು ಮೋಸ. ಕ್ವಾಡ್ರಿಸೆಪ್ಸ್‌ಗೆ ಬಲವಿಲ್ಲದಿದ್ದರೆ ನಿಯಂತ್ರಿಸಲು ಏನೂ ಇರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಮೊದಲ ಆರು ತಿಂಗಳಲ್ಲಿ, ಕೋಣೆಯೊಳಗೆ, ನಿಯಂತ್ರಿತ ಸ್ಥಿತಿಯಲ್ಲಿ ನಡೆಯುವ ತರಬೇತಿಯಿಂದ ಸಿಗುವುದು ಇಷ್ಟೇ. ಆರನೇ ತಿಂಗಳ ನಂತರದ ತರಬೇತಿಯ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ, ಅದರಲ್ಲಿ ಕೊಟ್ಟ ತರಬೇತಿ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ನಮ್ಮಲ್ಲಿ ಹೆಚ್ಚಿನ ಆಟಗಾರರು ಫಿಸಿಯೋ ಬಳಿ ಹೋಗುವುದನ್ನು ನಿಲ್ಲಿಸುವುದೂ ಅಷ್ಟು ಹೊತ್ತಿಗೇ, ಅಥವಾ ಅದಕ್ಕೂ ಮೊದಲೇ.

ಪರೀಕ್ಷೆಗಳ ಮೇಲೂ ಕುರುಡು ನಂಬಿಕೆ ಬೇಡ. ಆಪರೇಷನ್ ಆದ ಕಾಲಿನ ಸಾಮರ್ಥ್ಯ ಇನ್ನೊಂದು ಕಾಲಿನ ಶೇ. 90 ಇದ್ದರೆ ಸಾಕು ಎಂಬುದು ರೂಢಿಯ ಅಳತೆ. ಆದರೆ ತಿಂಗಳುಗಟ್ಟಲೆ ಆಟ ಬಿಟ್ಟವನ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ್ದಕ್ಕೆ ಸರಿಸಮವಾಗುವುದು ದೊಡ್ಡ ಸಾಧನೆಯಲ್ಲ. ಒಂಟಿಕಾಲಲ್ಲಿ ಮುಂದಕ್ಕೆ ಜಿಗಿದು ದೂರ ಅಳೆಯುವ ಪರೀಕ್ಷೆಯಲ್ಲೂ ಹುಳುಕಿದೆ. ಮುಂದಕ್ಕೆ ಚಿಮ್ಮುವ ಕೆಲಸದ ದೊಡ್ಡ ಪಾಲು ಸೊಂಟ ಮತ್ತು ಹಿಮ್ಮಡಿಗಂಟಿನದು. ಮೊಣಕಾಲಿನ ಪಾಲು ಎಂಟರಲ್ಲಿ ಒಂದರಷ್ಟು. ದೂರ ಸರಿಬಂದರೂ ಮೊಣಕಾಲು ಕದ್ದು ಕುಳಿತಿರಬಹುದು. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು ಹೊರಗೆಡವಿದ ಸಂಗತಿ ಇನ್ನೂ ವಿಚಿತ್ರ. ಪರೀಕ್ಷೆ ಪಾಸಾದವರಲ್ಲಿ ಕಸಿ ಹರಿಯುವುದು ಶೇ. 60ರಷ್ಟು ಕಡಿಮೆಯಾಗಿತ್ತು, ಆದರೆ ಇನ್ನೊಂದು ಕಾಲಿನ ಎಸಿಎಲ್ ಹರಿಯುವುದು ಹೆಚ್ಚಾಗಿತ್ತು. ಪಾಸಾದವರು ಧೈರ್ಯದಿಂದ, ಹೆಚ್ಚು ಹೊತ್ತು, ಹೆಚ್ಚು ರಭಸದಿಂದ ಆಡಿರಬಹುದು. ನನಗೆ ಇದಕ್ಕಿಂತ ಸರಳವಾದ ಇನ್ನೊಂದು ಕಾರಣವೂ ಕಾಣುತ್ತದೆ: ಪರೀಕ್ಷೆಗಳು ಒಂದು ಕಾಲನ್ನು ಇನ್ನೊಂದರ ಎದುರು ತೂಗುತ್ತವೆಯೇ ಹೊರತು ಆಟಗಾರನನ್ನು ಆಟದ ಎದುರು ತೂಗುವುದಿಲ್ಲ. ಮೊದಲ ಸಲ ಎಸಿಎಲ್ ಹರಿದಾಗಿನ ಇಳಿಯುವ ರೀತಿ, ತಿರುಗುವ ರೀತಿ ಎರಡು ಕಾಲುಗಳಲ್ಲೂ ಹಾಗೇ ಉಳಿದಿದ್ದರೆ ಅಪಾಯ ಪಕ್ಕಕ್ಕೆ ಸರಿಯುತ್ತದೆ, ತೊಲಗುವುದಿಲ್ಲ.

ಕಬಡ್ಡಿಯಲ್ಲಿ ಕಾಲು ಮುರಿಯುವುದು ಎದುರಾಳಿ, ಅದಕ್ಕೆ ತರಬೇತಿ ಏನು ಮಾಡೀತು ಎಂಬ ಆಕ್ಷೇಪ ಕರಾವಳಿಯಲ್ಲಿ ಸಹಜವಾಗಿ ಬರುತ್ತದೆ. ಊರಿದ ಕಾಲಿನ ಮೇಲೆ ನಾಲ್ವರು ಒಟ್ಟಿಗೆ ಬಿದ್ದರೆ ಯಾವ ತರಬೇತಿಯೂ ಉಳಿಸದು, ಒಪ್ಪುತ್ತೇನೆ. ಆದರೆ ಮೈತಾಗುವ ಇನ್ನೊಂದು ಆಟವಾದ ಫುಟ್‌ಬಾಲಿನಲ್ಲಿ, ಇಟಲಿಯ ವೃತ್ತಿಪರ ಆಟಗಾರರ 134 ಎಸಿಎಲ್ ಗಾಯಗಳ ವಿಡಿಯೋ ವಿಶ್ಲೇಷಿಸಿದಾಗ ಮೊಣಕಾಲಿಗೇ ನೇರ ಪೆಟ್ಟು ಬಿದ್ದು ಆದವು ಶೇ. 12 ಮಾತ್ರ. ಶೇ. 44 ಯಾರೂ ತಾಕದೆ ಆದವು. ಉಳಿದ ಶೇ. 44ರಲ್ಲಿ ಭುಜಕ್ಕೋ ಸೊಂಟಕ್ಕೋ ತಾಗಿ ಹದ ತಪ್ಪಿದ್ದಷ್ಟೇ, ಮೊಣಕಾಲನ್ನು ಯಾರೂ ಮುಟ್ಟಿರಲಿಲ್ಲ. ಬೇರಾವ ಸಂದರ್ಭಕ್ಕಿಂತಲೂ ಹೆಚ್ಚು ಗಾಯಗಳು ಎದುರಾಳಿಯನ್ನು ಒತ್ತಲು ನುಗ್ಗುವ ಗಳಿಗೆಯಲ್ಲೇ ಆಗಿದ್ದವು, ಅಂದರೆ ಗಮನವೆಲ್ಲ ಎದುರಾಳಿಯ ಮೇಲಿದ್ದಾಗ. ಕಬಡ್ಡಿಯ ಲೆಕ್ಕ ಬೇರೆ ಇದ್ದೀತು, ಹಿಡಿತದಿಂದಾಗುವ ಗಾಯದ ಪಾಲು ಅಲ್ಲಿ ಹೆಚ್ಚಿದ್ದೀತು. ಆದರೂ ತಳ್ಳಿಸಿಕೊಂಡ ಮೇಲೆ ಕಾಲು ಹೇಗೆ ನೆಲಕ್ಕೆ ಬರುತ್ತದೆ ಎಂಬುದನ್ನು ಕಲಿಸಬಹುದು, ಬೆನ್ನಿಗೆ ಕೈಹಾಕಿ ಅನಿರೀಕ್ಷಿತವಾಗಿ ತಳ್ಳುತ್ತಲೇ ಕಲಿಸಬಹುದು. ಹುಡುಗಿಯರ ವಿಷಯದಲ್ಲಂತೂ ಇದನ್ನು ಮುಂದೂಡುವಂತಿಲ್ಲ. ಕಾರ್ಕಳದ ಮಮತಾ ಪೂಜಾರಿ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಕಬಡ್ಡಿ ತಂಡಗಳಲ್ಲಿದ್ದವರು. ಅವರನ್ನು ನೋಡಿ ಅಂಕಣಕ್ಕಿಳಿದ ಹುಡುಗಿಯರು ಕರಾವಳಿಯಲ್ಲಿ ಅನೇಕರು. ಒಂದೇ ಬಗೆಯ ಆಟದಲ್ಲಿ ಹೆಣ್ಣುಮಕ್ಕಳ ಎಸಿಎಲ್ ಹರಿಯುವ ಸಂಭವ ಗಂಡುಮಕ್ಕಳದ್ದಕ್ಕಿಂತ ಎರಡು ಮೂರು ಪಟ್ಟು ಎಂಬುದು ಹಳೆಯ ಸುದ್ದಿ.

ಕ್ರಿಕೆಟಿಗ ರವೀಂದ್ರ ಜಡೇಜ ಐದು ತಿಂಗಳಲ್ಲಿ ಮರಳಲಿಲ್ಲವೇ ಎಂದು ಕೇಳುವವರೂ ಇದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಆಪರೇಷನ್, 2023ರ ಫೆಬ್ರವರಿಯಲ್ಲಿ ನಾಗಪುರ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲೇ ಐದು ವಿಕೆಟ್. ಆದರೆ ನಡುವೆ ಏನಿತ್ತು? ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ದಿನದಿನದ ಮೇಲ್ವಿಚಾರಣೆಯಿತ್ತು. ಟೆಸ್ಟ್‌ಗೆ ಮೊದಲು ಸೌರಾಷ್ಟ್ರದ ಪರ ಚೆನ್ನೈಯಲ್ಲಿ ಒಂದು ರಣಜಿ ಪಂದ್ಯವನ್ನು ಅವರು ಆಡಿ ತೋರಿಸಬೇಕಾಯಿತು. ಕೊನೆಯ ಪರೀಕ್ಷೆ ನಡೆದದ್ದು ಮೈದಾನದಲ್ಲಿ, ಪಂದ್ಯದ ಒತ್ತಡದಲ್ಲಿ. ನಮ್ಮ ಊರಿನ ಆಟಗಾರನಿಗೆ ಆ ಎರಡೂ ಇಲ್ಲ. ಅವನ ಕ್ಯಾಲೆಂಡರನ್ನು ಬರೆಯುವುದು ಹೊನಲು ಬೆಳಕಿನ ಪಂದ್ಯಾಟಗಳ ಋತು. ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮಳೆಯವರೆಗೆ ಸಾಗುವ ಆ ಸರಣಿಯಲ್ಲಿ ನಗದು ಬಹುಮಾನವಿದೆ, ಕಾಲೇಜು ಸೀಟು, ಕ್ರೀಡಾ ಕೋಟಾದ ಕೆಲಸದ ಆಸೆಯಿದೆ. ಕಾಯಿರಿ ಎಂದು ಅವನಿಗೆ ಹೇಳುವುದು ಸುಲಭ. ಕಾಯುವ ತಿಂಗಳುಗಳಲ್ಲಿ ಯಾರು ತರಬೇತಿ ಕೊಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಆ ಬುದ್ಧಿಮಾತು ಹೆಚ್ಚು ದಿನ ನಿಲ್ಲದು.

ದುಬಾರಿ ಯಂತ್ರಗಳಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಬಲ ಅಳೆಯುವ ಐಸೊಕೈನೆಟಿಕ್ ಯಂತ್ರ ಇದ್ದರೆ ಒಳ್ಳೆಯದು. ಆದರೆ ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗುತ್ತದೆಯೇ ಎಂದು ಮೊಬೈಲಿನ ಸ್ಲೋ ಮೋಷನ್ ತೋರಿಸುತ್ತದೆ, ಜಿಗಿತಕ್ಕೆ ಅಳತೆ ಟೇಪು ಸಾಕು. ಕೊರತೆಯಿರುವುದು ಆಟದ ತಿಳಿವಳಿಕೆಯದ್ದು. ಚಲನೆ ಕಲಿಸುವಾಗ ದೇಹದ ಭಾಗದ ಕಡೆಗಲ್ಲದೆ ಹೊರಗಿನ ಗುರಿಯ ಕಡೆಗೆ ಗಮನ ಸೆಳೆದರೆ ಕಲಿಕೆ ಚೆನ್ನಾಗಿ ನಿಲ್ಲುತ್ತದೆ ಎಂದು ಗಾಬ್ರಿಯೆಲ್ ವುಲ್ಫ್ ಮತ್ತಿತರರ ಸಂಶೋಧನೆಗಳು ಹೇಳುತ್ತವೆ. ಮೊಣಕಾಲು ಮಡಚು ಎನ್ನುವ ಬದಲು ಸದ್ದಾಗದಂತೆ ಇಳಿ, ಆ ಗೆರೆಯನ್ನು ನೋಡುತ್ತ ತಿರುಗು ಎನ್ನಬೇಕು. ಮುಂದೆ ಒಬ್ಬ ಎದುರಾಳಿ, ಆಮೇಲೆ ಇಬ್ಬರು. ಮೊದಲು ತಿಳಿಸಿದ ದಿಕ್ಕಿಗೆ ತಿರುಗುವುದು, ಆಮೇಲೆ ಕೊನೇ ಕ್ಷಣದ ಸನ್ನೆಗೆ. ಮೊದಲು ಮ್ಯಾಟ್ ಮೇಲೆ, ಆಮೇಲೆ ಮಣ್ಣಿನ ಅಂಕಣದಲ್ಲಿ. ದಣಿಯುವ ಮುನ್ನವಲ್ಲ, ದಣಿದ ಮೇಲೆ. ಇದನ್ನು ಫಿಸಿಯೋ ಒಬ್ಬರೇ ಮಾಡಲಾರರು, ಕೋಚ್ ಒಬ್ಬರೇ ಮಾಡುವುದು ಅಪಾಯ. ಕೆಸರಿನ ಕರೆಯಲ್ಲಿ ಕೋಣಗಳ ಹಿಂದೆ ಓಡುವ ಕಂಬಳದ ಓಟಗಾರನಿಗೂ, ಧೀಂಗಿಣ ಹಾಕುವ ತೆಂಕುತಿಟ್ಟು ಯಕ್ಷಗಾನದ ಕಲಾವಿದನಿಗೂ ಇದೇ ಮಾತು ಅನ್ವಯಿಸುತ್ತದೆ. ಅವರ ಮೊಣಕಾಲಿಗೆ ಪರದೇಶದ ಫುಟ್‌ಬಾಲ್ ಪರೀಕ್ಷೆ ಹೊಂದುವುದಿಲ್ಲ, ಇಲ್ಲೇ ರೂಪಿಸಬೇಕು. ವರ್ಷವರ್ಷವೂ ಪ್ರಬಂಧಕ್ಕೆ ವಿಷಯ ಹುಡುಕುವ ಸ್ನಾತಕೋತ್ತರ ಫಿಸಿಯೋಥೆರಪಿ ವಿದ್ಯಾರ್ಥಿಗಳು ಇರುವ ನಗರಕ್ಕೆ ಇದು ಆಗದ ಕೆಲಸವಲ್ಲ.

ನರ-ಸ್ನಾಯು ತರಬೇತಿ ಬೇಕೇ ಬೇಕು, ಆದರೆ ಬಲವರ್ಧನೆಯ ಬದಲಿಗಲ್ಲ, ಅದರ ಮೇಲೆ. ಅದರ ಯೋಗ್ಯತೆ ತೀರ್ಮಾನವಾಗಬೇಕಾದದ್ದು ಆರನೇ ತಿಂಗಳಿನಿಂದ ಹನ್ನೆರಡನೇ ತಿಂಗಳವರೆಗೆ ಅಂಕಣದಲ್ಲಿ ಏನು ನಡೆಯಿತು ಎಂಬುದರಿಂದ. ಈಗಿನ ರೂಢಿಯಲ್ಲಿ ಆ ಕಾಲಕ್ಕೆ ಹೊಣೆಗಾರರೇ ಇಲ್ಲ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ, ಪಂದ್ಯಾಟ ನಡೆಸುವ ಯುವಕ ಮಂಡಲಗಳಲ್ಲಿ ಒಂದು ಕೋರಿಕೆ: ಎಸಿಎಲ್ ಆಪರೇಷನ್ ಆದ ಆಟಗಾರನ ಹೆಸರನ್ನು ತಂಡದ ಪಟ್ಟಿಗೆ ಸೇರಿಸುವ ಮೊದಲು ಆಪರೇಷನ್‌ನ ತಾರೀಕನ್ನಲ್ಲ, ಎರಡೂ ಕಾಲುಗಳ ಬಲ, ಜಿಗಿತ, ಅಂಕಣದಲ್ಲಿ ತಿರುಗಿದ ವಿಡಿಯೋ, ಅದನ್ನು ನೋಡಿದ ಫಿಸಿಯೋನ ಸಹಿ ಇಷ್ಟನ್ನು ಕೇಳಿ.